ಲೆಕ್ಕದ ಹಾಳೆಯಲ್ಲಿ ಬಿಟ್ಟುಹೋದ ಸಾಲು

ಜೂನ್ ತಿಂಗಳು ಮುಗಿಯುತ್ತಾ ಬಂತೆಂದರೆ ಮಸ್ಕತ್‌ನಲ್ಲಿರುವ ನಮ್ಮೂರ ಹುಡುಗರಲ್ಲಿ ಯಾರಾದರೊಬ್ಬರು ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ. ‘‘ಈ ಸಲ ಸಲಾಲಕ್ಕೆ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಕೈಯಲ್ಲಿ ಹೆಚ್ಚು ಹಣ ಇಲ್ಲ. ನೀವು ಕಡಿಮೆ ಖರ್ಚಿನಲ್ಲಿ ಹೋಗಿ ಬಂದವರಲ್ಲವೇ, ಸ್ವಲ್ಪ ಲೆಕ್ಕ ಹೇಳಿ.’’

ನಾವು ಹೋದದ್ದು 2012ರಲ್ಲಿ. ಮಕ್ಕಳ ನೋಟ್ ಪುಸ್ತಕದಿಂದ ಹರಿದ ಹಾಳೆಯಲ್ಲಿ ಬರೆದ ಆ ಲೆಕ್ಕ ಇಂದಿಗೂ ನಮ್ಮಲ್ಲಿದೆ. ಊರಿಗೆ ಮರಳಿ ಬರುವಾಗ ಎಷ್ಟೋ ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಬಂದೆವು. ಈ ಹಾಳೆಯನ್ನು ಮಾತ್ರ ಬಿಡಲಿಲ್ಲ. ಕೇಳಿದವರಿಗೆಲ್ಲ ಅದನ್ನು ಓದಿ ಹೇಳುತ್ತೇವೆ. ಆದರೆ ಅದರಲ್ಲಿದ್ದ ತಪ್ಪನ್ನೂ ಹೇಳದೆ ಬಿಟ್ಟರೆ ಅದು ಅರ್ಧ ಲೆಕ್ಕವಾಗುತ್ತದೆ.

ಸಲಾಲ ಪ್ರಯಾಣದ ಯೋಚನೆ ಹುಟ್ಟಿದ್ದೇ ಉಮ್ಮನಿಂದ. ಅದರ ಹಿಂದಿನ ವರ್ಷ ಅಬ್ಬ ತೀರಿಕೊಂಡಿದ್ದರು. ಉಪ್ಪಿನಂಗಡಿ ಕಡೆಯ ಆ ಹಳೆಯ ಹಂಚಿನ ಮನೆಯಲ್ಲಿ ಉಮ್ಮ ಒಂಟಿಯಾದರು. ನಾವು ವಿಸಿಟ್ ವಿಸಾ ಮಾಡಿಸಿ ಜೂನ್ ತಿಂಗಳಲ್ಲಿ ಅವರನ್ನು ಮಸ್ಕತ್‌ಗೆ ಕರೆಸಿಕೊಂಡೆವು. ಅರವತ್ತೈದು ಮಳೆಗಾಲಗಳನ್ನು ಕಂಡ ಜೀವ ಅದು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುವುದನ್ನು ನೋಡದೆ ಒಂದು ಆಟಿ ತಿಂಗಳನ್ನೂ ಕಳೆದವರಲ್ಲ. ಅಂಥವರನ್ನು ನಾವು ತಂದು ಕೂರಿಸಿದ್ದು ನಲವತ್ತು ಡಿಗ್ರಿ ಬಿಸಿಲಿನ ಊರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಕಿಟಕಿ ತೆರೆದರೆ ಒಲೆಯ ಬಾಯಿಗೆ ಮುಖ ಒಡ್ಡಿದಂತೆ.

ಉಮ್ಮ ಯಾವುದಕ್ಕೂ ದೂರಿದವರಲ್ಲ. ಆದರೆ ಒಂದು ರಾತ್ರಿ ಎದ್ದು ಕುಳಿತು, ‘‘ಮೋನೇ, ಮಳೆ ಬಂತಾ?’’ ಎಂದು ಕೇಳಿದರು. ಮೇಲಿನ ಮನೆಯವರ ಎ.ಸಿ.ಯಿಂದ ನೀರು ನಮ್ಮ ತಗಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ‘‘ಅದು ಎ.ಸಿ. ನೀರು ಉಮ್ಮ’’ ಎಂದೆವು. ‘‘ಹೌದಾ’’ ಎಂದು ಮಲಗಿದರು. ಆ ರಾತ್ರಿ ನಮಗೆ ಮತ್ತೆ ನಿದ್ದೆ ಬರಲಿಲ್ಲ.

ಎಲ್ಲರೂ ಒಮ್ಮೆ ಊರಿಗೆ ಹೋಗಿ ಬರೋಣವೆಂದರೆ ರಜೆಯ ಕಾಲದ ವಿಮಾನದ ದರ ಗಲ್ಫಿನಲ್ಲಿದ್ದವರಿಗೆ ಗೊತ್ತೇ ಇದೆ. ಐವರ ಟಿಕೆಟು ನಮ್ಮ ಎರಡು ತಿಂಗಳ ಸಂಬಳವನ್ನು ನುಂಗುತ್ತಿತ್ತು. ಊರಿನ ಮಳೆ ಕೈಗೆಟಕುವಂತಿರಲಿಲ್ಲ. ಆಗ ನೆನಪಾದದ್ದು ಸಲಾಲ.

ಒಮಾನ್ ಎಂದರೆ ಬರೀ ಮರಳು, ಬಂಡೆ ಎಂದುಕೊಂಡವರಿಗೆ ಸಲಾಲ ಒಂದು ಅಚ್ಚರಿ. ದೇಶದ ದಕ್ಷಿಣ ತುದಿಯಲ್ಲಿ, ದೋಫಾರ್ ಪ್ರಾಂತದಲ್ಲಿ, ಅರಬ್ಬಿ ಸಮುದ್ರದ ದಂಡೆಯಲ್ಲಿರುವ ಊರು ಅದು. ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿಯ ದಂಡೆಯ ಉದ್ದಕ್ಕೂ ಬೀಸಿ ಬರುತ್ತದೆ. ಗಾಳಿಯ ರಭಸಕ್ಕೆ ಕಡಲಿನ ಮೇಲ್ಮೈಯ ಬೆಚ್ಚಗಿನ ನೀರು ದೂರ ಸರಿದು, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರ ಮೇಲೆ ಹಾದು ಬರುವ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಊರಿನ ಹಿಂದೆ ಗೋಡೆಯಂತೆ ನಿಂತಿರುವ ಬೆಟ್ಟಸಾಲು ಆ ಮಂಜನ್ನು ತಡೆದು ನಿಲ್ಲಿಸುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ ಜಿನುಗು ಮಳೆ, ಮಂಜು, ಹಸಿರು. ಇದನ್ನು ಅಲ್ಲಿಯವರು ‘ಖರೀಫ್’ ಎನ್ನುತ್ತಾರೆ. ಅದೇ ಮಾರುತ ಮುಂದೆ ಸಮುದ್ರ ದಾಟಿ ನಮ್ಮ ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಅಂದರೆ ಊರಿನ ಮಳೆಯ ಸಂಬಂಧಿಯೊಬ್ಬ ಇದೇ ದೇಶದಲ್ಲಿದ್ದಾನೆ. ಆದರೆ ಅವನ ಮನೆ ಸಾವಿರ ಕಿಲೋಮೀಟರ್ ದೂರ. ನಡುವೆ ಇರುವುದು ಮರುಭೂಮಿ.

ಪಕ್ಕದ ಕಟ್ಟಡದಲ್ಲಿ ಕುಂದಾಪುರದ ಗೆಳೆಯರ ಕುಟುಂಬವಿತ್ತು. ನಮ್ಮ ಮಕ್ಕಳೂ ಅವರ ಮಕ್ಕಳೂ ಒಂದೇ ಶಾಲೆ. ಅವರು ವಯಸ್ಸಿನಲ್ಲಿ ನಮಗಿಂತ ಹಿರಿಯರಾದ್ದರಿಂದ ಅಣ್ಣ ಎನ್ನುತ್ತಿದ್ದೆವು. ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ‘‘ಹೋಗುವ ಮಾರಾಯ್ರೇ, ಎರಡು ಕಾರಿನಲ್ಲಿ ಒಟ್ಟಿಗೆ’’ ಎಂದರು. ಅದು ರಂಝಾನ್ ತಿಂಗಳು. ತರಾವೀಹ್ ಮುಗಿಸಿ ಬಂದ ಮೇಲೆ ರಾತ್ರಿ ನಾವು ಲೆಕ್ಕಕ್ಕೆ ಕೂರುತ್ತಿದ್ದೆವು. ಈದ್‌ನ ಮರುದಿನ ಹೊರಟು ಐದನೇ ದಿನ ಮರಳಬೇಕು. ನಮ್ಮ ಕುಟುಂಬದ ಮಿತಿ ನೂರು ರಿಯಾಲು. ಆಗಿನ ದರದಲ್ಲಿ ಸುಮಾರು 14,400 ರೂಪಾಯಿ.

ಮೊದಲ ಲೆಕ್ಕ ಹೀಗಿತ್ತು. ಹೋಗಿ ಬರುವುದು, ಅಲ್ಲಿ ಸುತ್ತಾಡುವುದು ಸೇರಿ 2,400 ಕಿ.ಮೀ. ನಮ್ಮ ಹಳೆಯ ಕಾರು ಲೀಟರಿಗೆ ಹನ್ನೆರಡು ಕಿ.ಮೀ. ಓಡುತ್ತಿತ್ತು. ಸೂಪರ್ ಪೆಟ್ರೋಲಿಗೆ ಆಗ ಲೀಟರಿಗೆ 120 ಬೈಸಾ. ಇನ್ನೂರು ಲೀಟರಿಗೆ 24 ರಿಯಾಲು. ಖರೀಫ್ ಸಮಯದಲ್ಲಿ ಸಲಾಲದಲ್ಲಿ ಬಾಡಿಗೆ ಏರುತ್ತದೆ. ಎರಡು ಕುಟುಂಬ ಸೇರಿ ಒಂದು ಫ್ಲ್ಯಾಟ್ ಹಿಡಿದರೆ ರಾತ್ರಿಗೆ 30, ಮೂರು ರಾತ್ರಿಗೆ 90, ನಮ್ಮ ಪಾಲು 45. ಅಡುಗೆ ನಮ್ಮದೇ. ಗ್ಯಾಸ್ ಒಲೆ, ಕುಚ್ಚಲಕ್ಕಿ, ಒಣಮೀನು, ಉಪ್ಪಿನಕಾಯಿ ಕೊಂಡೊಯ್ಯುವುದು. ಊಟಕ್ಕೆ 20. ನೀರು, ಐಸು, ಚಿಲ್ಲರೆ 6. ಕೈಯಲ್ಲಿ ಇರಲಿ ಎಂದು 5. ಒಟ್ಟು ಸರಿಯಾಗಿ ನೂರು. ನಮಗೆ ಬಹಳ ಖುಷಿಯಾಯಿತು.

ಅಣ್ಣ ಹಾಳೆಯನ್ನು ನೋಡಿ, ‘‘ದಾರಿಯಲ್ಲಿ ಎಲ್ಲಿ ಮಲಗುವುದು?’’ ಎಂದರು. ಮಲಗುವುದಿಲ್ಲ, ರಾತ್ರಿಯೆಲ್ಲ ಓಡಿಸಿದರೆ ಬೆಳಿಗ್ಗೆ ತಲುಪಬಹುದು, ತಂಪೂ ಇರುತ್ತದೆ, ಕೋಣೆಯ ಬಾಡಿಗೆಯೂ ಉಳಿಯುತ್ತದೆ ಎಂದೆವು. ಅವರು ತಲೆಯಲ್ಲಾಡಿಸಿದರು. ಆಗ ಆದಮ್ ಎಂಬ ಊರು ದಾಟಿದ ಮೇಲೆ ಹೆಚ್ಚಿನ ದಾರಿ ಎದುರುಬದುರು ವಾಹನ ಓಡುವ ಒಂಟಿ ರಸ್ತೆ. ತಿರುವಿಲ್ಲ, ಮರವಿಲ್ಲ, ಮನೆಯಿಲ್ಲ. ನೇರ ರಸ್ತೆಯೇ ಚಾಲಕನಿಗೆ ಜೋಗುಳ. ಮೇಲಾಗಿ ಒಂಟೆಗಳು. ರಾತ್ರಿ ಅವು ಬೆಚ್ಚಗಿನ ಡಾಮರಿನ ಬಳಿ ಬಂದು ನಿಲ್ಲುತ್ತವೆ. ಕಾರಿನ ದೀಪ ಅವುಗಳ ಕಾಲಿಗೆ ಬೀಳುತ್ತದೆಯೇ ಹೊರತು ಮೈ ಕಾಣುವುದಿಲ್ಲ. ಗುದ್ದಿದರೆ ಕಾಲು ಮುರಿದು ಆ ಭಾರದ ಮೈ ನೇರವಾಗಿ ಗಾಜಿನ ಮೇಲೆ, ಒಳಗಿದ್ದವರ ಮೇಲೆ ಬೀಳುತ್ತದೆ. ‘‘ಹದಿನಾಲ್ಕು ರಿಯಾಲು ಉಳಿಸಲು ಮಕ್ಕಳನ್ನು ಕೂರಿಸಿಕೊಂಡು ಈ ಆಟ ಬೇಡ. ಹೈಮಾದಲ್ಲಿ ಉಳಿಯುವ’’ ಎಂದರು.

ಮರುದಿನ ಅವರು ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದರು. ಟೈರಿನ ಪಕ್ಕೆಯಲ್ಲಿ ಅಚ್ಚಾದ ಸಣ್ಣ ಅಂಕಿಗಳನ್ನು ಬೆರಳಿಟ್ಟು ತೋರಿಸಿದರು. ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ಇಸವಿ. ನಮ್ಮದರಲ್ಲಿ 2306 ಎಂದಿತ್ತು. 2006ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಹಲ್ಲು ಇನ್ನೂ ಚೆನ್ನಾಗಿತ್ತು. ಆದರೆ ಬಿಸಿಲ ನಾಡಿನಲ್ಲಿ ರಬ್ಬರು ಸವೆಯುವ ಮೊದಲೇ ಒಣಗಿ ಸಾಯುತ್ತದೆ ಎಂದರು. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ನಾಲ್ಕು ಹೊಸ ಟೈರಿಗೆ 72 ರಿಯಾಲು. ಹೈಮಾದಲ್ಲಿ ಹೋಗುವಾಗ ಬರುವಾಗ ಎರಡು ರಾತ್ರಿಗೆ 28. ನೂರರ ಲೆಕ್ಕ ನಿಂತಲ್ಲೇ ಇನ್ನೂರಾಯಿತು.

ಬಡವರ ಲೆಕ್ಕದಲ್ಲಿ ಹೀಗೆಯೇ ಆಗುವುದು. ಕಾಣುವ ಖರ್ಚನ್ನು ಬರೆಯುತ್ತೇವೆ, ಕಾಣದ ಖರ್ಚನ್ನು ದೇವರ ಮೇಲೆ ಬಿಡುತ್ತೇವೆ. ಮದುವೆ ಇರಲಿ, ಮನೆ ಕಟ್ಟುವುದಿರಲಿ, ಇದೇ ಕಥೆ. ನಾವು ರಾಜಿ ಮಾಡಿಕೊಂಡೆವು. ಸಲಾಲದಲ್ಲಿ ಮೂರರ ಬದಲು ಎರಡೇ ರಾತ್ರಿ. ಹೈಮಾದಲ್ಲಿ ಎರಡು ರಾತ್ರಿ. ಟೈರು ನಾಲ್ಕರ ಬದಲು ಎರಡು. ಹೊಸದನ್ನು ಹಿಂದೆ ಹಾಕಿಸಿದೆವು. ಹಿಂದಿನ ಚಕ್ರ ಹೋದರೆ ಕಾರು ಗಿರ್ರನೆ ತಿರುಗಿಬಿಡುತ್ತದಂತೆ. ಮುಂದಿನದು ಹೋದರೆ ಸ್ಟಿಯರಿಂಗ್ ಹಿಡಿದು ತಡೆಯಬಹುದಂತೆ. ಒಟ್ಟು 149 ರಿಯಾಲು. ಕಳಿಸಬೇಕಾಗಿದ್ದ ಒಂದು ಚೀಟಿಯ ಹಣವನ್ನು ಒಂದು ತಿಂಗಳು ಮುಂದೂಡಿದೆವು.

ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಒಬ್ಬರಿಗೆ ದಿನಕ್ಕೆ ಐದು ಲೀಟರ್ ಹಿಡಿದು ಕಾರ್ಟನ್‌ಗಟ್ಟಲೆ ಕೊಂಡೆವು. ರೇಡಿಯೇಟರಿನ ನೀರು, ಬೆಲ್ಟು, ಬ್ಯಾಟರಿ ನೋಡಿಸಿದೆವು. ಟೈರಿನ ಗಾಳಿಯನ್ನು ಬೆಳಿಗ್ಗೆ, ಚಕ್ರ ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದಾಗ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು, ಗಾಳಿ ಕಡಿಮೆಯಾದ ಟೈರೇ ಹೆಚ್ಚು ಕಾಯ್ದು ಒಡೆಯುವುದು. ಟ್ಯಾಂಕು ಅರ್ಧಕ್ಕೆ ಇಳಿಯುವ ಮೊದಲು ಸಿಕ್ಕ ಬಂಕಿನಲ್ಲಿ ತುಂಬಿಸಬೇಕು. ಕಾರು ಕೆಟ್ಟರೆ ಯಾರೂ ಕಾರನ್ನು ಬಿಟ್ಟು ನಡೆದು ಹೋಗಬಾರದು, ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಇವೆಲ್ಲ ಅಣ್ಣ ಕಲಿಸಿದ ಪಾಠ. ಹಾಳೆಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡೆವು. ಯಾವುದೂ ಬಿಟ್ಟುಹೋಗಿಲ್ಲ ಎಂದೇ ನಮ್ಮ ನಂಬಿಕೆ.

ಫಜ್ರ್ ನಮಾಝ್ ಮುಗಿಸಿ ಹೊರಟೆವು. ಉಮ್ಮ ಹಿಂದಿನ ಸೀಟಿನಲ್ಲಿ ಕಿಟಕಿಯ ಬದಿ, ಮಡಿಲಲ್ಲಿ ಹಪ್ಪಳದ ಡಬ್ಬ. ನಿಝ್ವಾ ತಲುಪುವಾಗ ಬಿಸಿಲು ಏರಿತ್ತು. ಖರ್ಜೂರದ ತೋಟಗಳು, ಕಂದು ಬೆಟ್ಟಗಳು ಆದಮ್‌ವರೆಗೆ ಜೊತೆಗಿದ್ದವು. ಆಮೇಲೆ ಭೂಮಿ ಚಪ್ಪಟೆಯಾಯಿತು. ಮರಳಿನ ದಿಬ್ಬಗಳಾದರೂ ಕಾಣಬಹುದೆಂದು ಮಕ್ಕಳು ಕಾದಿದ್ದರು. ಅದೂ ಇಲ್ಲ. ಬೂದು ಬಣ್ಣದ ಜಲ್ಲಿಯ ಬಯಲು, ಅದರ ತುದಿಯಲ್ಲಿ ನೀರಿನಂತೆ ಮಿನುಗುವ ಬಿಸಿಲ್ಗುದುರೆ. ‘‘ಅಲ್ಲಿ ಹೊಳೆ ಉಂಟು’’ ಎಂದರು ಉಮ್ಮ. ಮಕ್ಕಳು ನಕ್ಕರು.

ಆದಮ್ ದಾಟಿ ನೂರು ಕಿಲೋಮೀಟರ್ ಆಗಿರಬೇಕು. ರಸ್ತೆಯ ಬದಿಯಲ್ಲಿ ಒಂದು ಹಳೆಯ ಪಿಕಪ್ ಬಾನೆಟ್ ತೆರೆದು ನಿಂತಿತ್ತು. ಅದರ ನೆರಳಿನಲ್ಲಿ ಇಬ್ಬರು ಕಾರ್ಮಿಕರು. ಒಬ್ಬ ಎದ್ದು ಕೈ ಬೀಸಿದ. ನೋಡಿದರೆ ನಮ್ಮ ಕಡೆಯವರೋ, ಬಾಂಗ್ಲಾದವರೋ ಇರಬೇಕು. ಮುಂದಿದ್ದ ಅಣ್ಣನ ಕಾರು ನಿಲ್ಲಲಿಲ್ಲ. ನಾವೂ ನಿಲ್ಲಲಿಲ್ಲ. ಹಿಂದೆ ಬರುವವರು ನಿಲ್ಲಿಸುತ್ತಾರೆ ಎಂದುಕೊಂಡೆವು. ಮಧ್ಯಾಹ್ನದೊಳಗೆ ಹೈಮಾ ತಲುಪಬೇಕು, ಕಾರಿನಲ್ಲಿ ಮಕ್ಕಳಿದ್ದಾರೆ, ಯಾರೋ ಏನೋ ಎಂದೂ ಅಂದುಕೊಂಡೆವು. ನೂರರ ವೇಗದಲ್ಲಿ ಇಷ್ಟೆಲ್ಲ ಯೋಚಿಸಿ ಮುಗಿಸುವಷ್ಟರಲ್ಲಿ ಅವರು ಕನ್ನಡಿಯಲ್ಲಿ ಚುಕ್ಕೆಯಾಗಿದ್ದರು.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘‘ಅವರಿಗೆ ನೀರಾದರೂ ಕೊಡಬಹುದಿತ್ತು’’ ಎಂದರು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಹೈಮಾ ಹೆದ್ದಾರಿಯ ಮೇಲಿನ ಸಣ್ಣ ಊರು. ಬಂಕು, ಹೋಟೆಲು, ಮಸೀದಿ, ಕೆಲವು ಅಂಗಡಿ. ಇದರ ಪೂರ್ವಕ್ಕೆ ಹಬ್ಬಿರುವ ಬಯಲಿನಲ್ಲಿಯೇ ಕಾಡಿನಿಂದ ಅಳಿದುಹೋಗಿದ್ದ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಜಿಂಕೆಯನ್ನು 1982ರಲ್ಲಿ ಮತ್ತೆ ಬಿಟ್ಟಿದ್ದರು. 1994ರಲ್ಲಿ ಯುನೆಸ್ಕೊ ಆ ಅಭಯಾರಣ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಟೆ ಹೆಚ್ಚಿ ಪ್ರಾಣಿಗಳ ಸಂಖ್ಯೆ ಕುಸಿಯಿತು, ಸರಕಾರ ಅಭಯಾರಣ್ಯದ ವಿಸ್ತಾರವನ್ನೂ ಕಡಿತಗೊಳಿಸಿತು. 2007ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಜಗತ್ತಿನ ಮೊದಲ ತಾಣ ಅದು. ಬದುಕಲು ಕಷ್ಟವಾದ ನೆಲದಲ್ಲಿ ಉಳಿಸುವುದು ಎಷ್ಟು ಕಷ್ಟ, ಕಳೆದುಕೊಳ್ಳುವುದು ಎಷ್ಟು ಸುಲಭ!

ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರು ಮಕ್ಕಳು ಏಳುವಾಗ, ತಿಂಡಿ ಮುಗಿಯುವಾಗ ಒಂಬತ್ತೂವರೆ ಮಾಡಿದೆವು. ಗಫ್ತೈನ್‌ನ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಐವತ್ತು ಕಿಲೋಮೀಟರ್ ಬಂದಿದ್ದೆವು. ಗಂಟೆ ಹನ್ನೊಂದು ದಾಟಿತ್ತು. ಢಂ ಎಂದು ಒಂದು ಸದ್ದು. ಕಾರು ಎಡಕ್ಕೂ ಬಲಕ್ಕೂ ಎಳೆದಾಡಿತು. ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ಗಟ್ಟಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ ಎಂದು ಅಣ್ಣ ಹೇಳಿದ್ದು ಹೇಗೋ ನೆನಪಿತ್ತು. ಎದುರಿನಿಂದ ಆ ಹೊತ್ತಿಗೆ ಯಾವ ಲಾರಿಯೂ ಬರುತ್ತಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಕಾರು ಜಲ್ಲಿಯ ಮೇಲೆ ಬಂದು ನಿಂತಿತು. ಮುಂದಿನ ಹಳೆಯ ಟೈರು ಚಿಂದಿಯಾಗಿ ಸುತ್ತಿಕೊಂಡಿತ್ತು.

ಹೆದರುವಂಥದ್ದೇನಿಲ್ಲ, ಸ್ಟೆಪ್ನಿ ಇದೆಯಲ್ಲ ಎಂದುಕೊಂಡು ಡಿಕ್ಕಿ ತೆಗೆದೆವು. ಸ್ಟೆಪ್ನಿಯನ್ನು ಕೆಳಗಿಳಿಸಿ ಒತ್ತಿದರೆ ಮೆತ್ತಗೆ ಕುಸಿಯಿತು. ನಾಲ್ಕು ಚಕ್ರದ ಗಾಳಿ ನೋಡಿದ ನಾವು ಐದನೆಯದನ್ನು ನೋಡಿರಲಿಲ್ಲ. ಅಣ್ಣನ ಕಾರು ಎದುರಿಗಿಲ್ಲ. ಎರಡು ಕಾರು ಒಬ್ಬರಿಗೊಬ್ಬರು ಕಾಣುವಂತೆ ಹೋಗಬೇಕೆಂಬ ಮಾತು ಮೊದಲ ದಿನವೇ ಸಡಿಲವಾಗಿತ್ತು. ಫೋನಿನಲ್ಲಿ ಸಿಗ್ನಲ್ ಇಲ್ಲ. ಕೊನೆಗೆ ನೀರು. ನಮ್ಮ ಡಿಕ್ಕಿಯಲ್ಲಿ ಒಲೆ, ಪಾತ್ರೆ, ಹಾಸಿಗೆ ತುಂಬಿದ್ದರಿಂದ ನೀರಿನ ಕಾರ್ಟನ್‌ಗಳನ್ನೆಲ್ಲ ಅಣ್ಣನ ಕಾರಿನಲ್ಲಿ ಇಟ್ಟಿದ್ದೆವು. ನಮ್ಮ ಕೈಯಲ್ಲಿದ್ದದ್ದು ಮೂರು ಬಾಟಲಿ, ಅದರಲ್ಲಿ ಒಂದು ಅರ್ಧ.

ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿಟ್ಟೆವು. ರಸ್ತೆಯಿಂದ ದೂರದ ಬದಿಯ ಬಾಗಿಲು ತೆರೆದು ಅದಕ್ಕೆ ಹೊದಿಕೆ ಕಟ್ಟಿ, ಆ ನೆರಳಿನಲ್ಲಿ ಉಮ್ಮ ಮತ್ತು ಮಕ್ಕಳನ್ನು ಕೂರಿಸಿದೆವು. ಗಾಳಿ ಬೀಸಿದರೂ ತಂಪಿಲ್ಲ. ಚಪ್ಪಲಿಯೊಳಗಿಂದ ನೆಲ ಸುಡುತ್ತಿತ್ತು. ಚಿಕ್ಕವಳು ನೀರು ಕೇಳಿದಳು. ಕೊಟ್ಟೆವು. ಉಮ್ಮ ಬೇಡವೆಂದರು. ಒಂದು ಕಾರು ಹಾದುಹೋಯಿತು. ಕೈ ಬೀಸಿದೆವು. ನಿಲ್ಲಲಿಲ್ಲ. ಇನ್ನೊಂದು ಹೋಯಿತು. ಅದರೊಳಗಿನವರೂ ನಾವು ನಿನ್ನೆ ಅಂದುಕೊಂಡದ್ದನ್ನೇ ಅಂದುಕೊಂಡಿರಬೇಕು. ಕೈ ಬೀಸುವವನ ಕಣ್ಣಿಗೆ ಆ ಕಾರಿನ ಹಿಂಭಾಗ ಹೇಗೆ ಕಾಣುತ್ತದೆ ಎಂಬುದು ನಮಗೆ ಅಲ್ಲಿ ತಿಳಿಯಿತು.

ಸುಮಾರು ಇಪ್ಪತ್ತು ನಿಮಿಷದ ಮೇಲೆ ಎದುರು ದಿಕ್ಕಿನಿಂದ ಬಂದ ಒಂದು ಪಿಕಪ್ ನಮ್ಮನ್ನು ದಾಟಿ ಹೋಗಿ, ನಿಂತು, ಹಿಂದಕ್ಕೆ ಬಂತು. ಹಿಂಬದಿಯಲ್ಲಿ ಒಂಟೆಯ ಮೇವಿನ ಕಟ್ಟು. ಇಳಿದವರು ಬಿಳಿಗಡ್ಡದ ಒಬ್ಬ ಒಮಾನಿ ಮುದುಕರು, ಜೊತೆಗೆ ಹತ್ತು ಹನ್ನೆರಡು ವರ್ಷದ ಹುಡುಗ. ಸಲಾಂ ಹೇಳಿ, ಏನಾಯಿತೆಂದು ಕೇಳುವ ಮೊದಲೇ ಹುಡುಗನಿಗೆ ಸನ್ನೆ ಮಾಡಿದರು. ಅವನು ಐಸ್ ಪೆಟ್ಟಿಗೆಯನ್ನು ತಂದು ಉಮ್ಮನ ಮುಂದಿಟ್ಟ. ಮೊದಲು ನೀರು, ಆಮೇಲೆ ಮಾತು.

ಸ್ಟೆಪ್ನಿಯನ್ನು ಒತ್ತಿ ನೋಡಿ ಅವರು ಸಣ್ಣಗೆ ನಕ್ಕರು. ತಮ್ಮ ಸೀಟಿನ ಹಿಂದಿನಿಂದ ಒಂದು ಪುಟ್ಟ ಗಾಳಿಯ ಯಂತ್ರ ತೆಗೆದು ಬ್ಯಾಟರಿಗೆ ಸಿಕ್ಕಿಸಿದರು. ಮರಳಿನ ಮೇಲೆ ಓಡಿಸುವವರು ಟೈರಿನ ಗಾಳಿ ಇಳಿಸಿ ಹೋಗುತ್ತಾರೆ, ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಬೇಕು. ಅದಕ್ಕಾಗಿ ಅವರಲ್ಲಿ ಅದು ಇದ್ದೇ ಇರುತ್ತದೆ. ಹತ್ತು ನಿಮಿಷದಲ್ಲಿ ಸ್ಟೆಪ್ನಿ ಗಟ್ಟಿಯಾಯಿತು. ಚಕ್ರ ಬದಲಿಸುವಾಗ ನಟ್ಟುಗಳನ್ನು ಅವರೇ ಬಿಗಿದರು. ಅಷ್ಟರಲ್ಲಿ ನಾವು ಹಿಂದೆ ಕಾಣುತ್ತಿಲ್ಲವೆಂದು ಗಾಬರಿಯಾಗಿ ಅಣ್ಣನೂ ಮರಳಿ ಬಂದರು.

ನಾವು ಐದು ರಿಯಾಲಿನ ನೋಟನ್ನು ಮುಂದೆ ಮಾಡಿದೆವು. ಅವರು ಅಂಗೈಯನ್ನು ಎದೆಯ ಮೇಲಿಟ್ಟು ತಲೆಯಲ್ಲಾಡಿಸಿದರು. ಅಂಗಡಿಯಲ್ಲಿ ಕಲಿತ ನಮ್ಮ ಹರಕು ಅರಬಿಯಲ್ಲಿ ಒತ್ತಾಯಿಸಿದೆವು. ಅವರು ಹೇಳಿದ ಮಾತಿನ ಅರ್ಥ ಇಷ್ಟು: ‘‘ನನ್ನ ಜಾಗದಲ್ಲಿ ನೀವಿದ್ದಿದ್ದರೆ ನೀವೂ ನಿಲ್ಲಿಸುತ್ತಿದ್ದಿರಿ.’’

ಅವರು ಅದನ್ನು ಸೌಜನ್ಯಕ್ಕೆ ಹೇಳಿದ್ದು. ಆದರೆ ಆ ಬಿಸಿಲಿಗಿಂತ ಹೆಚ್ಚು ಸುಟ್ಟದ್ದು ಆ ಮಾತು. ಉಮ್ಮನಿಗೆ ಅರಬಿ ಬಾರದು. ‘‘ಅವರು ಏನಂದರು?’’ ಎಂದು ಕೇಳಿದರು. ನಾವು ಹೇಳಿದೆವು. ಉಮ್ಮ ನಮ್ಮ ಮುಖ ನೋಡಿದರು. ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ತುಮ್ರೈತ್‌ನಲ್ಲಿ ಒಂದು ಹಳೆಯ ಟೈರು ಕೊಂಡು ಸ್ಟೆಪ್ನಿಯ ಜಾಗ ತುಂಬಿಸಿದೆವು. ಅಲ್ಲಿಂದ ಸಲಾಲಕ್ಕೆ ಎಂಬತ್ತು ಕಿಲೋಮೀಟರ್. ದಾರಿಯಲ್ಲಿ ವಾದಿ ದೌಕಾ ಎಂಬ ಕಣಿವೆಯಲ್ಲಿ ಕುಳ್ಳಗಿನ ಸಾಂಬ್ರಾಣಿ ಮರಗಳು ಕಂಡವು. ನಮ್ಮೂರ ಮನೆಗಳಲ್ಲಿ ಗುರುವಾರ ರಾತ್ರಿ ಕೆಂಡಕ್ಕೆ ಹಾಕುವ ಸಾಂಬ್ರಾಣಿಯ ಜಾತಿಯ ಮೂಲ ನಾಡು ಇದು. ಅಲ್ಲಿಂದ ಬೆಟ್ಟ ಹತ್ತುವಾಗಲೂ ಬಿಸಿಲೇ. ಬೆಟ್ಟದ ನೆತ್ತಿ ದಾಟಿ ರಸ್ತೆ ಇಳಿಯತೊಡಗಿದಾಗ, ಯಾರೋ ಬಾಗಿಲು ತೆರೆದು ಇನ್ನೊಂದು ಕೋಣೆಗೆ ತಳ್ಳಿದಂತೆ, ನಾವು ಮಂಜಿನೊಳಗಿದ್ದೆವು. ಹತ್ತು ಅಡಿಯ ಮುಂದೆ ಏನೂ ಕಾಣದು. ಗೇರು ಇಳಿಸಿ, ದೀಪ ಹಾಕಿ ತೆವಳಿದೆವು. ಎ.ಸಿ. ನಿಲ್ಲಿಸಿ ಗಾಜು ಇಳಿಸಿದಾಗ ತೇವದ ಮಣ್ಣಿನ ವಾಸನೆ ಒಳಗೆ ಬಂತು. ಇಳಿಜಾರಿನ ಎರಡೂ ಬದಿ ಹಸಿರು ಹುಲ್ಲು, ಅದರಲ್ಲಿ ಮೇಯುವ ದನಗಳು.

ಒಂದು ಕಡೆ ನಿಲ್ಲಿಸಿದೆವು. ಉಮ್ಮ ಇಳಿದು ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು ಆ ಜಿನುಗಿನಲ್ಲಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ, ‘‘ಮಳೆಯೇ ಹೌದು. ಆದರೆ ಇದಕ್ಕೆ ಶಬ್ದ ಇಲ್ಲ’’ ಎಂದರು. ಸರಿಯಾದ ಮಾತು. ಹಂಚಿನ ಮೇಲೆ ಬಡಿಯುವ ಜಡಿಮಳೆ ಅದಲ್ಲ. ಅಲ್ಲಿಯ ಬೆಟ್ಟದ ಮರಗಳು ಮಂಜನ್ನೇ ಎಲೆಗಳಲ್ಲಿ ಹಿಡಿದು ಹನಿ ಹನಿಯಾಗಿ ನೆಲಕ್ಕೆ ಇಳಿಸಿ ಬದುಕುತ್ತವೆ. ಆದರೂ ಉಮ್ಮ ಕಾರಿಗೆ ಹತ್ತಲು ಒಪ್ಪಲು ಅರ್ಧ ಗಂಟೆ ಬೇಕಾಯಿತು.

ಊರೊಳಗೆ ಬಂದರೆ ತೆಂಗು, ಬಾಳೆ, ಪಪ್ಪಾಯಿ. ರಸ್ತೆ ಬದಿಯಲ್ಲಿ ಸಾಲು ಸಾಲು ಬೊಂಡದ ಅಂಗಡಿ. ಬೊಂಡ ಮಾರುವವ ಮಲಯಾಳಿ. ಉಮ್ಮ ತಮ್ಮ ಬ್ಯಾರಿ ಭಾಷೆಯಲ್ಲೇ ಚೌಕಾಸಿ ಮಾಡಿದರು. ಅವನಿಗೆ ಅರ್ಥವಾಯಿತು. ಎರಡು ತಿಂಗಳಲ್ಲಿ ಮನೆಯ ಹೊರಗಿನ ಒಬ್ಬರೊಡನೆ ಉಮ್ಮ ತಮ್ಮ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ, ಈ ಊರಿನ ತೆಂಗು ಮತ್ತು ವೀಳ್ಯದೆಲೆಯನ್ನು ಕಂಡು ಹಿಂದೂಸ್ತಾನವನ್ನು ನೆನಪಿಸಿಕೊಂಡಿದ್ದಾನೆ. ಕಲ್ಲಿಕೋಟೆಯಿಂದ ಇಲ್ಲಿಗೆ ಅನುಕೂಲದ ಗಾಳಿಯಲ್ಲಿ 28 ದಿನಗಳಲ್ಲಿ ಬಂದುದನ್ನೂ ಹೇಳಿದ್ದಾನೆ. ಅವನು ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡವನು. ಆ ಹಾಯಿಹಡಗಿನ ಪ್ರಯಾಣಿಕರೂ ಏನೇನು ಲೆಕ್ಕ ಹಾಕಿ ಹೊರಟಿರಬಹುದೋ! ಎರಡು ದಿನ ಗಂಜಿ, ಒಣಮೀನು, ಹಪ್ಪಳದಲ್ಲಿ ಕಳೆದೆವು. ಇತ್ತೀನ್ ಬೆಟ್ಟದ ಮೇಲೆ ಪ್ರವಾದಿ ಅಯ್ಯೂಬರದೆಂದು ಹೇಳಲಾಗುವ ಸಮಾಧಿಯ ಬಳಿ ಮಂಜಿನಲ್ಲಿ ನಡೆದೆವು. ಕುಂದಾಪುರದ ಅಕ್ಕ ಗೋಳಿಬಜೆ ಕರಿದರು. ಮಕ್ಕಳು ಕೆಸರಿನಲ್ಲಿ ಬಿದ್ದು ಎದ್ದರು.

ಮರಳುವಾಗ ನೀರನ್ನು ಎರಡೂ ಕಾರಿಗೆ ಹಂಚಿಕೊಂಡೆವು. ಸ್ಟೆಪ್ನಿಯ ಗಾಳಿ ನೋಡಿಕೊಂಡೆವು. ಒಂದರ ಹಿಂದೊಂದು ಕಾಣುವಂತೆ ಬಂದೆವು. ಹೈಮಾ ದಾಟಿದ ಮೇಲೆ ಆ ಪಿಕಪ್ ನಿಂತಿದ್ದ ಜಾಗವನ್ನು ಹುಡುಕುತ್ತಾ ಬಂದೆವು. ಆ ಬಯಲಿನಲ್ಲಿ ಒಂದು ಜಾಗವನ್ನು ಇನ್ನೊಂದರಿಂದ ಗುರುತಿಸುವುದು ಹೇಗೆ? ಯಾರೂ ಇರಲಿಲ್ಲ. ಯಾರೋ ನಿಲ್ಲಿಸಿರಬೇಕು, ಅವರು ಮನೆ ಸೇರಿರಬೇಕು. ಹಾಗೆಂದು ನಂಬಿದ್ದೇವೆ. ಆದರೆ ನಮಗೆ ಗೊತ್ತಿಲ್ಲ. ಅಂದಿನಿಂದ ಇಂದಿನವರೆಗೂ ಗೊತ್ತಿಲ್ಲ.

ಮನೆಗೆ ಬಂದು ಲೆಕ್ಕ ನೋಡಿದರೆ 149ರ ಬದಲು 163 ರಿಯಾಲು ಆಗಿತ್ತು. ಹಾಳೆಯಲ್ಲಿ ಪೆಟ್ರೋಲು ಇತ್ತು, ಬಾಡಿಗೆ ಇತ್ತು, ಊಟ ಇತ್ತು, ಕೈಯಲ್ಲಿ ಇರಲೆಂದು ಐದು ರಿಯಾಲೂ ಇತ್ತು. ಎಲ್ಲವೂ ನಮಗಾಗಿ. ದಾರಿಯಲ್ಲಿ ಸಿಗುವ ಇನ್ನೊಬ್ಬನಿಗಾಗಿ ಒಂದು ಬಾಟಲಿ ನೀರಿನ, ಹತ್ತು ನಿಮಿಷ ಸಮಯದ ಸಾಲು ಅದರಲ್ಲಿ ಇರಲಿಲ್ಲ. ಅರ್ಧ ದಿನ ತಡವಾದರೂ ನಡೆಯುತ್ತದೆ ಎಂಬಂತೆ ಯೋಜಿಸಿದ್ದರೆ ಅಂದು ನಿಲ್ಲಿಸುತ್ತಿದ್ದೆವೇನೋ. ಬಿಗಿಯಾದ ಲೆಕ್ಕ ಮನಸ್ಸನ್ನೂ ಬಿಗಿ ಮಾಡುತ್ತದೆ.

ಇದು ನಮಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬನೆಂದು ಮದ್ರಸದಲ್ಲಿ ಬಾಯಿಪಾಠ ಮಾಡಿದವರು ನಾವು. ನಮ್ಮ ಘಟ್ಟದ ಬುಡದ ದಾರಿಗಳಲ್ಲಿ ಬೇಸಿಗೆ ಬಂತೆಂದರೆ ಅರವಟ್ಟಿಗೆ ಇಟ್ಟು, ಜಾತಿ ಮತ ಕೇಳದೆ ಬೆಲ್ಲ ನೀರು ಕೊಡುತ್ತಿದ್ದರು. ಉಮ್ಮನಿಗೆ ಅದು ನೆನಪಿತ್ತು. ನಾವು ನೂರರ ವೇಗದಲ್ಲಿ ಅದನ್ನು ಮರೆತಿದ್ದೆವು.

ಮುಂದಿನ ಸಂಬಳದಲ್ಲಿ ಉಳಿದೆರಡು ಟೈರು ಹಾಕಿಸಿದೆವು. ಹನ್ನೆರಡು ರಿಯಾಲು ಕೊಟ್ಟು ಆ ಮುದುಕರಲ್ಲಿದ್ದಂಥದ್ದೇ ಗಾಳಿಯ ಯಂತ್ರವನ್ನೂ ಕೊಂಡೆವು. ಮಸ್ಕತ್‌ನಲ್ಲಿದ್ದಷ್ಟು ವರ್ಷ ಅದು ನಮ್ಮ ಚಕ್ರಕ್ಕೆ ಒಮ್ಮೆಯೂ ಬೇಕಾಗಲಿಲ್ಲ. ಬೇರೆಯವರ ಚಕ್ರಕ್ಕೆ ಮೂರು ಸಲ ಬೇಕಾಯಿತು. ಊರಿಗೆ ಬರುವಾಗ ಅದನ್ನು ಅಣ್ಣನ ಕಾರಿನಲ್ಲಿಟ್ಟು ಬಂದೆವು.

ಈಗ ಫೋನ್ ಮಾಡುವ ಹುಡುಗರಿಗೆ ನಮ್ಮ ಅಂಕಿಗಳು ಉಪಯೋಗಕ್ಕೆ ಬಾರವು. 2016ರಲ್ಲಿ ಒಮಾನ್ ಪೆಟ್ರೋಲಿನ ನಿಗದಿತ ದರವನ್ನು ಕೈಬಿಟ್ಟಿತು. 2021ರ ನವೆಂಬರಿನಲ್ಲಿ ಮತ್ತೆ ಮಿತಿ ಹಾಕಿದಾಗ ಅದೇ ಪೆಟ್ರೋಲಿಗೆ 239 ಬೈಸಾ, ನಮ್ಮ ಕಾಲದ ದುಪ್ಪಟ್ಟು. ಆದರೆ ಹಾಳೆಯ ಹಿಂಬದಿಯಲ್ಲಿ ಬರೆದದ್ದು ಹಳೆಯದಾಗಿಲ್ಲ. ಏನನ್ನು ಕಡಿಮೆ ಮಾಡಬಹುದು ಎಂದು ಅವರು ಕೇಳುತ್ತಾರೆ. ಬಾಡಿಗೆ ಹಂಚಿಕೊಳ್ಳಿ, ಅಡುಗೆ ನೀವೇ ಮಾಡಿ, ಒಂದು ದಿನ ಕಡಿಮೆ ಉಳಿಯಿರಿ ಎನ್ನುತ್ತೇವೆ. ಟೈರು, ನೀರು, ನಿದ್ದೆ, ಈ ಮೂರರಲ್ಲಿ ಉಳಿಸಬೇಡಿ ಎನ್ನುತ್ತೇವೆ. ಸ್ಟೆಪ್ನಿಯ ಗಾಳಿ ನೋಡಲು ಮರೆಯಬೇಡಿ ಎಂದು ಎರಡು ಸಲ ಹೇಳುತ್ತೇವೆ.

ಆಗ ಒಳಗಿನಿಂದ ಉಮ್ಮ ಕೂಗುತ್ತಾರೆ. ಅವರಿಗೀಗ ಎಂಬತ್ತರ ಹತ್ತಿರ. ಹೊರಗೆ ಹಂಚಿನ ಮೇಲೆ ಶಬ್ದವಿರುವ ಮಳೆ ಸುರಿಯುತ್ತಿರುತ್ತದೆ. ‘‘ಇನ್ನೊಂದು ಕಾರ್ಟನ್ ನೀರು ಹೆಚ್ಚಿಗೆ ಇಟ್ಟುಕೊಳ್ಳಲು ಹೇಳು ಮೋನೇ. ದಾರಿಯವರಿಗೆ.’’